ಹಳೇದು ಕೊಟ್ಟು ಹೊಸದು ಒಯ್ಯಿರಿ

ಕಳೆದ ಡಿಸೆಂಬರಿನಲ್ಲಿ ತಂಗಿಯ ಮೊಮ್ಮಗಳ ನಾಮಕರಣಕ್ಕೆಂದು ಚಿಕ್ಕಮಗಳೂರಿನಲ್ಲಿ ಮೂಡಿಗೆರೆ ಬಸ್ಸು ಹತ್ತಿದ್ದೆ. ವಸ್ತಾರೆ ದಾಟಿ ಸ್ವಲ್ಪ ದೂರ ಹೋಗಿರಬಹುದು, ತೆರೆದ ಕಿಟಕಿಯಿಂದ ಆ ನಾತ ಒಳಗೆ ಬಂತು. ಕಾಫಿ ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿದ ಮೇಲೆ ಹೊಂಡಕ್ಕೆ ಬಿಡುತ್ತಾರಲ್ಲ, ಆ ನೀರಿನ ನಾತ. ನಾಲ್ಕು ದಿನ ಮರೆತಿಟ್ಟ ದೋಸೆ ಹಿಟ್ಟಿನ ಹುಳಿ, ಅದರಡಿಯಲ್ಲಿ ಇನ್ನೇನೋ ಕೊಳೆತದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗರಳಿಸಿ, "ಪಲ್ಪಿಂಗ್ ಶುರುವಾಯ್ತು ನೋಡಿ, ಈ ಸಲ ಹಣ್ಣು ಜೋರು" ಎಂದು ಖುಷಿಪಟ್ಟರು. ಕೊಯ್ಲಿನ ಕಾಲದಲ್ಲಿ ಈ ಕಡೆಯವರಿಗೆ ಅದು ಹಬ್ಬದ ವಾಸನೆ. ನಾನು ಕಿಟಕಿ ಎಳೆದು ಮುಚ್ಚಿದೆ. "ಗಾಳಿ ಬರ್ಲಿ ಬಿಡಿ ಮಾರಾಯ್ರೆ" ಎಂದು ಅವರು ಎರಡು ಸಲ ಹೇಳಿದರು. ತೆಗೆಯಲಿಲ್ಲ. ಮುದುಕಿಗೆ ಸೊಕ್ಕು ಎಂದುಕೊಂಡಿರಬೇಕು.

ಇರಲಿ. ಸೊಕ್ಕಿನ ಹೆಂಗಸು ಎಂದು ನನ್ನ ಬಗ್ಗೆ ಸರ್ವಿಸಿನುದ್ದಕ್ಕೂ ಹೇಳುತ್ತಿದ್ದರು. ಬೆಂಕಿ ಆರಿಸುವವರಿಗೂ ಹೊಂಡಕ್ಕೆ ಬಿದ್ದವರನ್ನು ಎತ್ತುವವರಿಗೂ ಬೇಕಾದ ಸಾಮಾನು ಖರೀದಿ ಮಾಡುವ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತೆಯಾಗಿದ್ದೆ. ಉಗ್ರಾಣದ ಬೀಗದ ಕೈಯೂ ನನ್ನದೇ. ಕಚೇರಿಯ ಹೆಸರಾಗಲಿ ಠಾಣೆಯ ಹೆಸರಾಗಲಿ ಬರೆಯುವುದಿಲ್ಲ; ಅಲ್ಲಿ ಈಗಲೂ ಜನ ಕೆಲಸ ಮಾಡುತ್ತಿದ್ದಾರೆ, ಅವರದ್ದೇನೂ ತಪ್ಪಿಲ್ಲ. ತಪ್ಪು ನನ್ನದು. ಒಂದು ಕೊಯ್ಲಿನ ಕಾಲದಲ್ಲಿ ನನ್ನಿಂದಾಗಿ ಇಬ್ಬರು ಸತ್ತರು. ಕಡತದಲ್ಲಿ ಹಾಗೆ ಬರೆದಿಲ್ಲ. ಕಡತ ಬರೆದವಳೂ ನಾನೇ.

ಕೊರೊನಾ ಕಳೆದು ಜನ ಮುಖದ ಮಾಸ್ಕು ಕಿತ್ತೆಸೆದಿದ್ದ ವರ್ಷ ಅದು. ನವೆಂಬರ್ ಕೊನೆಯಲ್ಲಿ, ಬೆಳಗಿನ ಮಂಜು ಇನ್ನೂ ಕಚೇರಿಯ ಮೆಟ್ಟಿಲಿನ ಮೇಲೆ ಕೂತಿದ್ದಾಗಲೇ, ಚಂದ್ರೇಗೌಡರು ಬಂದರು. ಮೂಡಿಗೆರೆ ಸೀಮೆಯ ಒಂದು ಸಣ್ಣ ಅಗ್ನಿಶಾಮಕ ಠಾಣೆಯಲ್ಲಿ ಲೀಡಿಂಗ್ ಫೈರ್‌ಮನ್. ಅಧಿಕಾರಿಯ ಹುದ್ದೆ ಖಾಲಿ ಇದ್ದದ್ದರಿಂದ ಠಾಣೆಯ ಪ್ರಭಾರವೂ ಅವರದ್ದೇ. ಊರು ಜಾವಳಿ. ಒಂದೂವರೆ ಎಕರೆ ಕಾಫಿ, ಒಂದು ತುಂಡು ಗದ್ದೆ, ಇಬ್ಬರು ಹೆಣ್ಣುಮಕ್ಕಳು. ನಲವತ್ತೆರಡೋ ನಲವತ್ತಮೂರೋ ವಯಸ್ಸು. ಬಂದಾಗಲೆಲ್ಲ ಕೈಯಲ್ಲಿ ಏನಾದರೂ ಇರುತ್ತಿತ್ತು, ಕಂಚಿಕಾಯಿ, ಇಲ್ಲವೇ ಗಾಂಧಾರಿ ಮೆಣಸು. "ಲಂಚ ಅಲ್ಲ ಮೇಡಂ, ಉಪ್ಪಿನಕಾಯಿ ಹಾಕ್ಕೊಳ್ಳಿ" ಎನ್ನುತ್ತಿದ್ದರು. ಅವತ್ತು ಅವರ ಕೈಯಲ್ಲಿ ಇದ್ದದ್ದು ಒಂದು ಮುಖವಾಡ.

ಹೊಗೆ, ವಿಷಗಾಳಿ ಇರುವಲ್ಲಿಗೆ ಹೋಗುವಾಗ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಖಕ್ಕೆ ಹಾಕಿಕೊಳ್ಳುವ ಮುಖವಾಡ ಅದು. ಆ ಠಾಣೆಯಲ್ಲಿ ಅಂಥವು ಎರಡೇ ಇದ್ದವು. ಮುಖವಾಡದ ಕೆಳಗೆ, ಗಲ್ಲದ ಹತ್ತಿರ, ಬಿಟ್ಟ ಉಸಿರು ಹೊರಗೆ ಹೋಗಲು ಒಂದು ತೂತು. ಆ ತೂತಿಗೆ ಮುಚ್ಚಳದ ಹಾಗೆ ಒಂದು ತೆಳ್ಳನೆಯ ರಬ್ಬರ್ ಬಿಲ್ಲೆ. ಉಸಿರು ಬಿಟ್ಟರೆ ತೆರೆದುಕೊಳ್ಳಬೇಕು, ಎಳೆದರೆ ಮುಚ್ಚಿಕೊಳ್ಳಬೇಕು. ಅಷ್ಟೇ ಅದರ ಕೆಲಸ. ವರ್ಷಾನುಗಟ್ಟಲೆ ಮಳೆ, ಶೀತ, ಬಿಸಿಲು ತಿಂದು ಎರಡೂ ಸೆಟ್ಟಿನ ಬಿಲ್ಲೆಗಳು ಸೆಟೆದುಕೊಂಡಿದ್ದವು.

"ಹಾಕ್ಕೊಂಡು ನೋಡಿ ಮೇಡಂ, ಹೇಳಿದ್ರೆ ಗೊತ್ತಾಗಲ್ಲ" ಎಂದರು.

ನಾನು ಹಾಕಿಕೊಂಡೆ! ಗೌಡರು ಪಟ್ಟಿಗಳನ್ನು ತಲೆಯ ಹಿಂದೆ ಬಿಗಿದು, ಜೊತೆಗೆ ಹೊತ್ತು ತಂದಿದ್ದ ಸಿಲಿಂಡರಿನ ಕೀಲಿ ತಿರುಗಿಸಿದರು. ಟಪಾಲು ವಿಭಾಗದ ಹುಡುಗಿಯರು ಕಿಸಕ್ಕನೆ ನಕ್ಕರು, ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದರು. ಒಳಗೆ ತಣ್ಣನೆಯ ಗಾಳಿ ಬಂತು, ಮತ್ತು ಗಲ್ಲದ ಕೆಳಗಿನಿಂದ ಸುಸ್ಸೆಂದು ಸೋರಿಹೋಯಿತು. ಕೊರಳಿಗೆ ಊದಿದ ಹಾಗೆ ತಾಗುತ್ತಿತ್ತು.

"ಅರ್ಧ ಗಂಟೆ ಬರ್ಬೇಕಾದ ಗಾಳಿ ಹನ್ನೆರಡು ನಿಮಿಷಕ್ಕೆ ಖಾಲಿ" ಎಂದರು ಗೌಡರು. "ಈಗ ನೋಡಿ, ಎಲ್ಲಾ ಎಸ್ಟೇಟಲ್ಲೂ ಪಲ್ಪರ್ ಶುರುವಾಗ್ತದೆ. ಹೊಂಡ ಕಟ್ಟಿಕೊಂಡ್ರೆ ಯಾರಾದ್ರೂ ಇಳೀತಾರೆ. ಒಳಗಿನ ವಿಷಗಾಳಿಗೆ ವಾಸನೆ ಇರ್ತದೆ ಅಂತ ಜನ ತಿಳ್ಕೊಂಡಿದಾರೆ. ಜಾಸ್ತಿ ಇದ್ರೆ ವಾಸನೇನೂ ಗೊತ್ತಾಗಲ್ಲ, ಕುಸಿದು ಬೀಳೋದೇ. ಹೋದ ವರ್ಷ ಒಂದು ನಾಯಿ ತೆಗ್ದಿದೀವಿ. ಈ ವರ್ಷ ನಾಯೇ ಬೀಳ್ತದೆ ಅಂತ ಏನು ಗ್ಯಾರಂಟಿ?"

ಎರಡೇ ಎರಡು ಬಿಲ್ಲೆ. ತೂಗಿದರೆ ಒಂದು ವೀಳ್ಯದೆಲೆಯಷ್ಟು ಭಾರವಿಲ್ಲ. ನಮ್ಮಪ್ಪನದು ಚಿಕ್ಕಮಗಳೂರು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅಲ್ಲಿಯಾಗಿದ್ದರೆ ಗಿರಾಕಿ ಬಾಯಿ ಮುಚ್ಚುವುದರೊಳಗೆ ಎರಡು ವಾಷರ್ ತೆಗೆದು ಕೈಗೆ ಹಾಕುತ್ತಿದ್ದರು. ಸರ್ಕಾರದ ಅಂಗಡಿ ಹಾಗಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಆ ಪೂಜಾರಿಯ ಜಾಗದಲ್ಲಿ ನಾನಿದ್ದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹಳೇದು ತಂದು ಒಪ್ಪಿಸಬೇಕು, ಅದಕ್ಕೆ 'ನಿರುಪಯುಕ್ತ' ಎಂದು ಚೀಟಿ ಅಂಟಿಸಿ ಬೀರುವಿನಲ್ಲಿಡಬೇಕು, ಆಮೇಲೆಯೇ ಹೊಸದರ ಕಡತ ತೆರೆಯಬೇಕು. ಇದನ್ನು ಜಾರಿಗೆ ತಂದವಳೇ ನಾನು. ಸುಮ್ಮನೆ ತಂದದ್ದಲ್ಲ. ನಾನು ಆ ಮೇಜಿಗೆ ಬಂದ ಹೊಸದರಲ್ಲಿ ಠಾಣೆಗಳಿಂದ ವರ್ಷ ವರ್ಷ ಗಂಬೂಟಿಗೆ ಬೇಡಿಕೆ ಬರುತ್ತಿತ್ತು. ಹಳೆಯ ಬೂಟು ಎಲ್ಲಿ ಎಂದರೆ ಹರಿದುಹೋಯಿತು, ಎಸೆದೆವು ಎನ್ನುವರು. ಒಂದು ಮಳೆಗಾಲದಲ್ಲಿ ನಾನೇ ಕಣ್ಣಾರೆ ಕಂಡೆ: ಸರ್ಕಾರದ ಗಂಬೂಟುಗಳೆಲ್ಲ ಕಾಫಿ ತೋಟಗಳಲ್ಲಿ ಜಿಗಣೆ ತಪ್ಪಿಸಿಕೊಂಡು ಚಿಗುರು ಚಿವುಟುತ್ತಾ ಓಡಾಡುತ್ತಿದ್ದವು. ಹಾಗಾಗಿ ಗೋಡೆಯ ಮೇಲೆ ನನ್ನ ಕೈಯಿಂದಲೇ ಬರೆದು ಅಂಟಿಸಿದೆ, 'ಹಳೇದು ಕೊಟ್ಟು ಹೊಸದು ಒಯ್ಯಿರಿ'. ಆಡಿಟ್‌ನವರು ಅದನ್ನು ನೋಡಿ ಮೆಚ್ಚಿದ್ದರು. ನನಗೆ ಹೆಮ್ಮೆಯಿತ್ತು. ಗಂಬೂಟಿಗೆ ಮಾಡಿದ ಕಟ್ಟಳೆಯನ್ನು ಉಸಿರಿಗೂ ಹಚ್ಚುತ್ತಿದ್ದೇನೆಂದು ನನಗೆ ಆವತ್ತು ಹೊಳೆಯಲಿಲ್ಲ. ಸತ್ಯವಾಗಿಯೂ ಹೊಳೆಯಲಿಲ್ಲ.

"ಬಿಲ್ಲೆ ಬಿಚ್ಚಿ ಇಲ್ಲಿ ಒಪ್ಪಿಸಿ ಗೌಡ್ರೆ. ಎರಡೂ" ಎಂದೆ.

ಅವರು ಮುಖವಾಡವನ್ನು ಕೈಗೆತ್ತಿಕೊಂಡರು. "ಎರಡೂನಾ? ಒಂದು ಇಟ್ಕೊಳ್ಳಿ, ಇನ್ನೊಂದು ಅಲ್ಲಿರ್ಲಿ ಮೇಡಂ. ಸೋರಿದ್ರೂ ಹನ್ನೆರಡು ನಿಮಿಷ ಬರ್ತದೆ. ಬಿಲ್ಲೆನೇ ಇಲ್ದಿದ್ರೆ ತೂತು ಬಾಯ್ಬಿಟ್ಕೊಂಡಿರ್ತದೆ, ಒಂದು ನಿಮಿಷಕ್ಕೂ ಆಗಲ್ಲ."

"ಬೇಡಿಕೆ ಪತ್ರದಲ್ಲಿ ಎರಡು ಅಂತ ಬರೆದಿದ್ದೀರಿ, ಒಪ್ಪಿಸೋದು ಒಂದಾದ್ರೆ ಕಡತ ಮೇಲಿಂದ ವಾಪಸ್ ಬರುತ್ತೆ. ಮತ್ತೆ ಒಂದು ತಿಂಗಳು. ಎರಡೂ ಕೊಡಿ, ಹತ್ತು ದಿನದಲ್ಲಿ ಹೊಸದು ನಿಮ್ಮ ಕೈಯಲ್ಲಿರುತ್ತೆ. ನನ್ನ ಮಾತು."

ಅವರಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಬೇರೆ ಗುಮಾಸ್ತರಾಗಿದ್ದರೆ ಅಲೆದಾಡಿಸುತ್ತಿದ್ದರು, ನಾನು ದಾರಿ ಹೇಳಿಕೊಟ್ಟೆ. ಅವರೂ ಹಾಗೆಯೇ ತಿಳಿದರು. "ನೀವು ಮಾತು ಕೊಟ್ಮೇಲೆ ಮುಗೀತು" ಎಂದು ಮೂರನೇ ದಿನ ಇನ್ನೊಂದು ಮುಖವಾಡದ ಬಿಲ್ಲೆಯನ್ನೂ ಬಿಚ್ಚಿ ತಂದು, ಎರಡನ್ನೂ ಒಂದು ಕಂದು ಲಕೋಟೆಯಲ್ಲಿ ಹಾಕಿ ನನ್ನ ಮೇಜಿನ ಮೇಲಿಟ್ಟರು. ನಾನು ಚೀಟಿ ಅಂಟಿಸಿ ಬೀರುವಿಗೆ ಹಾಕಿ ಬೀಗ ಹಾಕಿದೆ.

ಹತ್ತು ದಿನದಲ್ಲಿ ಬಿಲ್ಲೆ ಬರಲಿಲ್ಲ.

ಮೊದಲು ಮೇಲಿನ ಕಚೇರಿಯಿಂದ ಒಂದು ಪ್ರಶ್ನೆ ಬಂತು: ಇದೇ ಕಂಪನಿಯ ಬಿಡಿಭಾಗವೇ ಯಾಕಾಗಬೇಕು, ಬೇರೆಯವರದು ಆಗದೇ? ಆಗುವುದಿಲ್ಲ, ಮುಖವಾಡ ಅವರದು, ಬಿಲ್ಲೆಯೂ ಅವರದ್ದೇ ಬೇಕು ಎಂದು ಬರೆದೆ. ಅದಕ್ಕೆ ದೃಢೀಕರಣ ಪತ್ರ ಲಗತ್ತಿಸಿ ಎಂದರು. ಲಗತ್ತಿಸಿದೆ. ಆ ಕಾಗದ ಹೋಗಿಬರುವುದರೊಳಗೆ ಡಿಸೆಂಬರ್ ಅರ್ಧ ಕಳೆಯಿತು. ಕೊನೆಗೆ ಸರ್ಕಾರದ ಆನ್‌ಲೈನ್ ಮಾರುಕಟ್ಟೆಯಲ್ಲಿ ಹಾಕಿದಾಗ ಎಲ್ಲರಿಗಿಂತ ಕಡಿಮೆಗೆ ಒಪ್ಪಿದವನೊಬ್ಬ ಕೊರಿಯರಿನಲ್ಲಿ ಎರಡು ಬಿಲ್ಲೆ ಕಳಿಸಿದ. ನೋಡಲು ಅದೇ. ಗೌಡರಿಗೆ ಫೋನ್ ಮಾಡಿದೆ, ಓಡಿಬಂದರು, ಮುಖವಾಡಕ್ಕೆ ಕೂರಿಸಿ ನೋಡಿದರು. ಒಂದು ಕೂದಲೆಳೆಯಷ್ಟು ಚಿಕ್ಕದು. ಕೂತ ಹಾಗೆ ಕಾಣುತ್ತದೆ, ಉಸಿರೆಳೆದರೆ ಜಾರಿ ಒಳಗೆ ಬೀಳುತ್ತದೆ.

"ಇದು ಆಗಲ್ಲ" ಎಂದು ಅದನ್ನು ಮೇಜಿನ ಮೇಲಿಟ್ಟರು. ಸಿಟ್ಟು ಮಾಡಲಿಲ್ಲ. ಗೌಡರಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಯಾರಾದರೂ ಕೂಗಾಡಿದರೆ ನಾನೂ ಕೂಗಾಡಿ, ಮಾರನೇ ದಿನ ನಾಚಿಕೆಯಾಗಿ ಅವರ ಕೆಲಸಕ್ಕೆಂದು ಮೇಲಿನ ಕಚೇರಿಯ ಎರಡು ಮೆಟ್ಟಿಲು ಹೆಚ್ಚು ಹತ್ತುವ ಜಾತಿಯವಳು.

ಆ ಮಾಲನ್ನು ತಿರಸ್ಕರಿಸಿ, ಎರಡನೇ ಆದೇಶ ಹಾಕಿದ್ದಾಯಿತು. ಅಷ್ಟರಲ್ಲಿ ಕೊಯ್ಲು ಏರಿತ್ತು. ಬೆಳಿಗ್ಗೆ ಹತ್ತಕ್ಕೆ ಮಂಜು ಕರಗುತ್ತಿದ್ದ ಹಾಗೆ ರಸ್ತೆಯಲ್ಲಿ ಆಳು ತುಂಬಿದ ಜೀಪುಗಳು, ಕಣದಲ್ಲಿ ಒಣಗಲು ಹರಡಿದ ಪಾರ್ಚ್‌ಮೆಂಟು ಕಾಫಿ, ಎಲ್ಲಿ ನೋಡಿದರೂ ಕೆಂಪು ಧೂಳು. ಗೌಡರು ವಾರಕ್ಕೊಂದು ಫೋನ್ ಮಾಡುತ್ತಿದ್ದರು. "ಬಂತಾ ಮೇಡಂ?" "ಇಲ್ಲ ಗೌಡ್ರೆ." "ಆಗ್ಲಿ, ಬರ್ತದೆ." ಮೂರು ಮಾತು, ಅಷ್ಟೇ. ಒಂದು ಸಲ ಮಾತ್ರ, ಸೈಕಲ್ ಟ್ಯೂಬ್ ಕತ್ತರಿಸಿ ಬಿಲ್ಲೆ ಮಾಡಿ ನೋಡಿದ್ದಾಗಿ ಹೇಳಿ ನಕ್ಕರು. "ದಪ್ಪ ಆಯ್ತು ಮಾರಾಯ್ರೆ, ಬಿಟ್ಟ ಉಸ್ರು ವಾಪಸ್ ನನ್ನ ಮೂಗಿಗೇ ಬಂತು. ಮಧ್ಯಾಹ್ನದ ಮೀನುಸಾರು ಎರಡನೇ ಸಲ ತಿಂದ ಹಂಗಾಯ್ತು." ನಾನೂ ನಕ್ಕೆ.

ಜನವರಿಯ ಎರಡನೇ ವಾರ ಅವರೇ ಬಂದರು. ಬರುವಾಗ ಕೈಯಲ್ಲಿ ಏನೂ ಇರಲಿಲ್ಲ. ಊಟದ ಹೊತ್ತು, ಕಚೇರಿಯಲ್ಲಿ ನಾನೊಬ್ಬಳೇ ಡಬ್ಬಿ ತೆರೆದು ಕೂತಿದ್ದೆ. ಎದುರಿನ ಕುರ್ಚಿಯ ತುದಿಯಲ್ಲಿ ಕೂತರು.

"ಮೇಡಂ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು."

"ಕೇಳಿ."

"ಹೊಸದು ಬರೋವರೆಗೆ ಹಳೇದೇ ಕೊಟ್ಬಿಡಿ. ಆ ಲಕೋಟೆ ಇಲ್ಲೇ ಉಂಟಲ್ಲ. ಹೊಸದು ಬಂದ ದಿನ ತಂದು ನಿಮ್ಮ ಮೇಜಿನ ಮೇಲಿಡ್ತೀನಿ. ಮಕ್ಕಳಾಣೆ."

ಬೀರು ನನ್ನ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು. ಬೀಗದ ಕೈ ನನ್ನ ಸೊಂಟದಲ್ಲಿತ್ತು.

ನಾನು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂಬುದನ್ನು ಈ ವರ್ಷಗಳಲ್ಲಿ ಸಾವಿರ ಸಲ ಕೇಳಿಕೊಂಡಿದ್ದೇನೆ. ಅವತ್ತು ಬಾಯಿಗೆ ಬಂದದ್ದು ಇಷ್ಟು: "ಗೌಡ್ರೆ, ಅದು ನಿರುಪಯುಕ್ತ ಅಂತ ಬರೆದಾಗಿದೆ. ಕೆಟ್ಟದ್ದು ಅಂತ ನಾನೇ ರುಜು ಹಾಕಿರೋ ಸಾಮಾನನ್ನ ನಾನೇ ನಿಮ್ಮ ಮುಖಕ್ಕೆ ಹೇಗೆ ಕಟ್ಲಿ? ನಾಳೆ ಒಳಗೆ ಹೋದಾಗ ಅದು ಕೈಕೊಟ್ರೆ? ನಿಮಗೇನಾದ್ರೂ ಆದ್ರೆ?" ಆ ಕಾಳಜಿ ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದು ಇತ್ತು, ಅದನ್ನೂ ಹೇಳಬೇಕು. ಚೀಟಿ ಅಂಟಿಸಿ ಒಳಗೆ ಹಾಕಿದ್ದನ್ನು ತೆಗೆದು ಕೊಟ್ಟರೆ ನನ್ನ ಪುಸ್ತಕ ಹೊಲಸಾಗುತ್ತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಒಂದು ಗೀಟು ಹೊಡೆದದ್ದಿಲ್ಲ.

ಗೌಡರು ತಲೆಯಾಡಿಸಿದರು. "ಅದೂ ಹೌದು" ಎಂದರು. ಎದ್ದು, ಬಾಗಿಲ ಹತ್ತಿರ ನಿಂತು, "ಊಟ ಮಾಡಿ ಮೇಡಂ, ಆರ್ತದೆ" ಎಂದು ಹೋದರು. ಅದೇ ಕೊನೆ.

ಅದಾದ ಒಂಬತ್ತನೇ ದಿನಕ್ಕೆ ಅಕಾಲದ ಮಳೆ ಬಂತು. ಕಣದಲ್ಲಿ ಒಣಗುತ್ತಿದ್ದ ಕಾಫಿಯ ಮೇಲೆ ಟಾರ್ಪಾಲು ಎಳೆಯಲು ಎಲ್ಲ ತೋಟದಲ್ಲೂ ಜನ ಓಡಾಡಿದರು. ಒಂದು ಎಸ್ಟೇಟಿನಲ್ಲಿ ಪಲ್ಪರ್ ನೀರಿನ ಹೊಂಡಕ್ಕೆ ಮಳೆನೀರೂ ನುಗ್ಗಿ, ಸಿಪ್ಪೆ ಬಂದು ಕೊಳವೆಯ ಬಾಯಿಗೆ ಕಟ್ಟಿಕೊಂಡಿತು. ಮಾರನೇ ಬೆಳಿಗ್ಗೆ ಬಿಸಿಲು ಚುರುಕಾಗಿತ್ತು. ಪುಟ್ಟಯ್ಯ ಎಂಬ ಆಳು ಏಣಿ ಇಟ್ಟು ಕೊಳವೆ ಬಿಡಿಸಲು ಇಳಿದ. ಎರಡು ಮೆಟ್ಟಿಲು ಬಾಕಿ ಇರುವಾಗಲೇ ಕುಸಿದ. ಅಣ್ಣ ಬಿದ್ದನೆಂದು ಅವನ ತಮ್ಮ ಹಾರಿದ. ಅವನೂ ಮೇಲೇಳಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಠಾಣೆಗೆ ಫೋನ್ ಮಾಡಿದರು.

ಮುಂದಿನದನ್ನು ನನಗೆ ಹೇಳಿದವನು ಗೌಡರ ಜೊತೆಗಿದ್ದ ಫೈರ್‌ಮನ್ ಮಂಜುನಾಥ. ಆಮೇಲೆ ಒಂದು ದಿನ ಕಚೇರಿಗೆ ಬಂದು, ನಾನು ಕೇಳದೆಯೇ, ನಿಂತುಕೊಂಡೇ ಹೇಳಿದ.

"ಹೋದ ಕೂಡ್ಲೇ ಗೌಡ್ರು ಚಿಕ್ಕಮಗಳೂರಿಂದ ಮಾಸ್ಕ್ ಸೆಟ್ ಕಳಿಸಿ ಅಂತ ವೈರ್‌ಲೆಸ್ ಕೊಟ್ರು. ಒಂದು ಗಂಟೆ ಆಗ್ತದೆ ಅಂದ್ರು ಅಲ್ಲಿಂದ. ಹೊಂಡದ ಮೇಲೆ ನೀರು ಹೊಡಿಸಿದ್ರು, ಗಾಳಿ ಅಲುಗಾಡ್ಲಿ ಅಂತ. ಆಳುಗಳ ಲೈನ್ ಮನೆ ಹೆಂಗಸ್ರು ಸುತ್ತ ನಿಂತು ಬಡ್ಕೋತಿದ್ರು. ಒಬ್ಬ ಇನ್ನೂ ಕೈ ಆಡಿಸ್ತಿದ್ದ ಮೇಡಂ, ಕಾಣ್ತಿತ್ತು. ಗೌಡ್ರು ಮಾಸ್ಕ್ ಕೈಗೆ ತಗೊಂಡ್ರು, ತಿರುಗಿಸಿ ಆ ತೂತು ನೋಡಿದ್ರು, ಜೀಪಲ್ಲಿ ವಾಪಸ್ ಇಟ್ರು. ಟವೆಲ್ ಒದ್ದೆ ಮಾಡಿ ಮುಖಕ್ಕೆ ಕಟ್ಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ, 'ಉಸ್ರು ಹಿಡ್ಕೊಂಡು ಹೋಗ್ತೀನಿ, ಎಳಿ ಅಂದ ತಕ್ಷಣ ಎಳೀರಿ' ಅಂದ್ರು. ಒಂದ್ಸಲ ಹೋಗಿ ಪುಟ್ಟಯ್ಯನ್ನ ತಂದ್ರು. ಮೇಲೆ ಕೂತು ಕೆಮ್ಮಿದ್ರು, ಕಣ್ಣೆಲ್ಲ ಕೆಂಪು. 'ಸಾಕು ಸಾರ್' ಅಂತ ನಾನು ಕೈ ಹಿಡ್ಕೊಂಡೆ. 'ಇನ್ನೊಬ್ಬ ಇದಾನಲ್ಲೋ' ಅಂದ್ರು. ಎರಡನೇ ಸಲ ಹೋದಾಗ ಎಳಿ ಅನ್ನಲೇ ಇಲ್ಲ. ನಾವೇ ಎಳೆದ್ವಿ."

ಪುಟ್ಟಯ್ಯ ಬದುಕಿದ. ಅವನ ತಮ್ಮ ಬದುಕಲಿಲ್ಲ, ಗೌಡರು ಬದುಕಲಿಲ್ಲ.

"ಎಷ್ಟು ಹೊತ್ತು ಬೇಕಾಗ್ತಿತ್ತು, ಇಬ್ಬರನ್ನೂ ತರೋಕೆ?" ಎಂದು ಕೇಳಿದೆ. ಕೇಳಬಾರದಿತ್ತು.

ಮಂಜುನಾಥ ಲೆಕ್ಕ ಹಾಕಿದ. ಅವನದು ಸರಳ ಮನಸ್ಸು, ನನ್ನನ್ನು ಚುಚ್ಚಬೇಕೆಂದು ಹೇಳಿದ್ದಲ್ಲ. "ಏಳೆಂಟು ನಿಮಿಷ ಮೇಡಂ" ಎಂದ.

ಹೊಸ ಬಿಲ್ಲೆಗಳು ಐದನೇ ದಿನ ಬಂದವು. ಸರಿಯಾದ ಅಳತೆ, ಮೆತ್ತಗೆ, ಕಪ್ಪಗೆ, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಂದರೆ ಇದೇ. ಎಂದಿನಂತೆ ಪುಸ್ತಕದಲ್ಲಿ ಬರೆದೆ, ರುಜು ಹಾಕಿದೆ, ಮಂಜುನಾಥನ ಕೈಗೆ ಕೊಟ್ಟೆ. ಆಮೇಲೆ ಉಗ್ರಾಣದ ಒಳಗೆ ಹೋಗಿ, ಹೋಸ್ ಪೈಪುಗಳ ರಾಶಿಯ ಹಿಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ನನಗೆ ಅಳುವುದಕ್ಕೂ ಯೋಗ್ಯತೆಯಿಲ್ಲ ಎಂದು ಅನ್ನಿಸುತ್ತಿತ್ತು, ಆದರೂ ನಿಲ್ಲಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ತಪ್ಪು ಎನ್ನಬಹುದಿತ್ತು. ತಪ್ಪು ಯಾರಿಂದಲೂ ಆಗುತ್ತದೆ. ಆಮೇಲೆ ನಾನು ಮಾಡಿದ್ದಕ್ಕೆ ಆ ಹೆಸರು ಸಾಲದು.

ಫೆಬ್ರವರಿಯಲ್ಲಿ ವಿಚಾರಣೆಗೆ ಬೇರೆ ಜಿಲ್ಲೆಯ ಅಧಿಕಾರಿಯೊಬ್ಬರು ಬಂದರು. ಒಳ್ಳೆಯ ಮನುಷ್ಯ, ಮೃದು ಮಾತು. ಕಡತವನ್ನು ಹಾಳೆ ಹಾಳೆಯಾಗಿ ಓದಿದರು. ನನ್ನ ಕಡತ ಎಷ್ಟು ಚೊಕ್ಕವಾಗಿತ್ತೆಂದರೆ, ಓದುತ್ತಾ ಓದುತ್ತಾ ಅವರು ತಲೆದೂಗಿದರು. ಆಮೇಲೆ ನನ್ನನ್ನು ಕರೆದು ಕೂರಿಸಿದರು.

"ಎರಡೂ ಬಿಲ್ಲೆ ಒಟ್ಟಿಗೆ ಒಪ್ಪಿಸಿದ್ದಾರೆ. ಠಾಣೆಯಲ್ಲಿ ಒಂದನ್ನಾದರೂ ಉಳಿಸಿಕೊಳ್ಳಬೇಕು ಅಂತ ಅವರಿಗೆ ಹೊಳೆಯಲಿಲ್ಲವಾ?"

"ಹಳೇದು ಒಪ್ಪಿಸೋದು ಪದ್ಧತಿ ಸಾರ್" ಎಂದೆ.

"ಹೊಸದು ತಡವಾದಾಗ, ಹಳೆಯದನ್ನೇ ವಾಪಸ್ ಕೊಡಿ ಅಂತ ಅವರು ಯಾವಾಗಲಾದರೂ ಕೇಳಿದ್ದರಾ? ಬಾಯಿಮಾತಲ್ಲಿ ಕೇಳಿದ್ದರೂ ಸರಿ, ಹೇಳಿ. ಬರೆದುಕೊಳ್ಳುತ್ತೇನೆ."

ಪೆನ್ನು ಹಿಡಿದು ಕಾದರು. ಹೊರಗೆ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ಗೌಡರು ಬಂದು ಕೇಳಿದ ಆ ಊಟದ ಹೊತ್ತಿನಲ್ಲಿ ಕಚೇರಿಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ ಎಂಬುದು ನನಗೆ ನೆನಪಾಯಿತು.

"ಇಲ್ಲ ಸಾರ್" ಎಂದೆ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಯಾಕೆ ಹಾಗಂದೆ ಎಂಬುದಕ್ಕೆ ಕಾರಣಗಳನ್ನು ಕೊಡಬಹುದು. ಕೊಡುವುದಿಲ್ಲ. ಹೆದರಿದೆ, ಅಷ್ಟೇ.

ವರದಿಯ ಪ್ರತಿ ನಮ್ಮ ಕಚೇರಿಗೂ ಬಂತು. ಟಪಾಲಿನಿಂದ ತೆಗೆದು ಕಡತಕ್ಕೆ ಸೇರಿಸಿದವಳು ನಾನೇ. ಖರೀದಿಯಲ್ಲಿ ಲೋಪ ಕಂಡುಬಂದಿಲ್ಲ. ಎರಡೂ ಬಿಡಿಭಾಗಗಳನ್ನು ಒಮ್ಮೆಗೇ ಒಪ್ಪಿಸಿ, ಅನಂತರ ಹಿಂದಕ್ಕೆ ಪಡೆಯಲು ಯಾವ ಪ್ರಯತ್ನವನ್ನೂ ಮಾಡದೆ, ಠಾಣೆಯನ್ನು ಸಾಧನವಿಲ್ಲದೆ ಇರಿಸಿದ್ದು ಮೃತರ ಅಜಾಗರೂಕತೆ. ರಕ್ಷಣೆಯಿಲ್ಲದೆ ಹೊಂಡಕ್ಕೆ ಇಳಿದದ್ದು ಆದೇಶದ ಉಲ್ಲಂಘನೆ. ಹೀಗೆ. ಕರ್ತವ್ಯದಲ್ಲಿ ಪ್ರಾಣ ಕೊಟ್ಟವರ ಹೆಸರು ಕೆತ್ತುವ ಕಲ್ಲೊಂದಿದೆ. ಅಜಾಗರೂಕರ ಹೆಸರನ್ನು ಅದರ ಮೇಲೆ ಕೆತ್ತುವುದಿಲ್ಲ. ಊರಲ್ಲೂ ಮಾತು ಹಬ್ಬಿತು: ಹೀರೋ ಆಗೋಕೆ ಹೋಗಿ ಸತ್ತ, ಮಾಸ್ಕ್ ಕೊಟ್ಟು ಕೂತಿದ್ದವನು ತಾನೇ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಬೆಟ್ಟಗಳೆಲ್ಲ ಬಿಳಿ ಹೂವಾಗಿ, ಪೇಟೆಯವರೆಗೂ ಘಮ ಬರುತ್ತಿದ್ದ ದಿನ ಗೌಡರ ಹೆಂಡತಿ ಸುಜಾತ ಬಂದರು. ಕುಟುಂಬ ಪಿಂಚಣಿಯ ಕಾಗದಕ್ಕೆ ನಮ್ಮ ಕಚೇರಿಯ ಮುದ್ರೆ ಬೇಕಿತ್ತು. ನಾನು ಅವರನ್ನು ನೋಡಿದ್ದು ಅದೇ ಮೊದಲು. ತೆಳ್ಳಗಿನ ಹೆಂಗಸು, ಬಿಸಿಲಲ್ಲಿ ನಡೆದು ಮುಖ ಕಪ್ಪಿಟ್ಟಿತ್ತು. ಮುದ್ರೆ ಒತ್ತಿಕೊಟ್ಟೆ. ಎದ್ದು ಹೋಗುತ್ತಾರೆ ಎಂದು ಕಾದೆ. ಹೋಗಲಿಲ್ಲ.

"ನೀವೇ ಅಲ್ವಾ ಆ ಮೇಡಂ? ನಿಮ್ಮ ವಿಷ್ಯ ಮನೇಲಿ ಹೇಳ್ತಿದ್ರು. ಎರಡು ದಿನದ ಕೆಲ್ಸಾನ ಎರಡು ದಿನದಲ್ಲೇ ಮಾಡೋದು ಅವ್ರೊಬ್ರೇ ಅಂತ."

ನಾನು ಮುದ್ರೆಯನ್ನು ಡಬ್ಬಿಗೆ ಹಾಕಿದೆ.

"ಆ ರಬ್ಬರು ವಾಪಸ್ ಕೇಳಕ್ಕೆ ಬಂದಿದ್ರಲ್ಲ, ಅವತ್ತು ಸಂಜೆ ಮನೆಗೆ ಬಂದು ಹೇಳಿದ್ರು. 'ಕೊಡ್ಲಿಲ್ಲ ಕಣೆ, ನನಗೇನಾದ್ರೂ ಆದೀತು ಅಂತ ಹೆದರ್ತಾರೆ ಪಾಪ' ಅಂದ್ರು. ನಿಮ್ಮ ಮೇಲೆ ಬೇಜಾರಿರ್ಲಿಲ್ಲ ಅವ್ರಿಗೆ. ನಂಗೂ ಇಲ್ಲ. ಅದು ಹೇಳಿ ಹೋಗಣ ಅಂತ ಕೂತೆ."

ಕುರ್ಚಿಯ ಕೈ ಹಿಡಿದುಕೊಂಡೆ. ಅವರು ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿ, ಜಿಪ್ಪು ಎಳೆದರು. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಬೇರೆಯವರಿಗೆ ಕೇಳಿಸಬಾರದೆಂಬ ಹಾಗೆ ಕೇಳಿದರು.

"ಊರಲ್ಲಿ ಏನೇನೋ ಮಾತಾಡ್ತಾರೆ ಮೇಡಂ. ಅಜಾಗ್ರತೆ ಅಂತ ಬರ್ದಿದಾರಂತೆ ಅಂತಾರೆ. ನಂಗೆ ಓದಿ ಗೊತ್ತಾಗಲ್ಲ, ಯಾರೂ ತೋರಿಸ್ಲೂ ಇಲ್ಲ. ಅವ್ರು ವಾಪಸ್ ಕೇಳಕ್ಕೆ ಬಂದಿದ್ರು ಅಂತ ಆ ಸಾಹೇಬ್ರ ಹತ್ರ ನೀವು ಹೇಳಿದೀರಲ್ಲ?"

ಅವರ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು.

"ಹೇಳಿದೀನಿ" ಎಂದೆ.

ಸುಜಾತ ಉಸಿರು ಬಿಟ್ಟರು. ಎರಡು ತಿಂಗಳಿಂದ ಬಿಗಿದಿದ್ದ ಭುಜ ಇಳಿದದ್ದು ನನಗೆ ಕಾಣಿಸಿತು. ಎದ್ದು ನಿಂತು ಎರಡೂ ಕೈ ಜೋಡಿಸಿದರು.

"ಅಷ್ಟು ಸಾಕು ಬಿಡಿ. ಊರೋರು ಏನಾದ್ರೂ ಅಂದ್ಕೊಳ್ಳಿ. ಸರ್ಕಾರದಲ್ಲಿ ಬರೆದಿಟ್ಟಿದಾರಲ್ಲ. ನನ್ನ ಹುಡುಗೀರು ದೊಡ್ಡೋರಾದ್ಮೇಲೆ ಇಲ್ಲಿಗೇ ಕಳಿಸ್ತೀನಿ. ನೀವೇ ತೆಗೆದು ತೋರ್ಸಿ, ಅವರಪ್ಪ ಕೇಳಿದ್ರು ಅನ್ನೋದನ್ನ ಅವ್ರೇ ಓದ್ಕೊಳ್ಲಿ."